ದಿನಾ ಓಡಿಸುವ ಗಾಡಿಯಿಂದಲೇ ರಸ್ತೆಯ ಗುಂಡಿ ಲೆಕ್ಕ ಇಡುವುದು ಹೇಗೆ

ಮುಂದಿನ ರಿಮ್ ಬೆಂಡ್, ಕೋನ್ ಸೆಟ್ (ಹ್ಯಾಂಡಲ್ ಬುಡದ ಬೇರಿಂಗ್) ಸಡಿಲ, ಫೋರ್ಕ್‌ನಿಂದ ಆಯಿಲ್ ಸೋರಿಕೆ. ಈ ಮೂರೂ ಒಟ್ಟಿಗಿರುವ ಬೈಕ್ ಗ್ಯಾರೇಜಿಗೆ ಬಂದರೆ ಅದು ಓಡುವ ರಸ್ತೆ ಹೇಗಿದೆ ಎಂದು ನಾನು ಕೇಳುವುದೇ ಬೇಡ. ನಾನು ಮಂಡ್ಯದಲ್ಲಿ ಮೆಕ್ಯಾನಿಕ್. ಕೆರಗೋಡು, ಬಸರಾಳು, ಪಾಂಡವಪುರ, ಮದ್ದೂರು ಕಡೆಯ ಗಾಡಿಗಳು ನನ್ನ ಹತ್ತಿರ ಬರುತ್ತವೆ. ರಸ್ತೆ ಕೆಟ್ಟಿದೆ ಎನ್ನುವುದನ್ನು ಗಾಡಿಯೇ ಹೇಳುತ್ತದೆ. ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಅಂತ ಮಾತ್ರ ಹೇಳುವುದಿಲ್ಲ. ಅಷ್ಟನ್ನು ಹೇಳಿಸೋಕೆ ಒಂದು ಹಳೆಯ ಸ್ಮಾರ್ಟ್‌ಫೋನ್ ಸಾಕು.

ಫೋನ್ ಅಡ್ಡ ಮಾಡಿದರೆ ಪರದೆ ತಿರುಗುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ ಆಕ್ಸಿಲರೋಮೀಟರ್. ಮೇಜಿನ ಮೇಲೆ ಸುಮ್ನೆ ಇಟ್ಟ ಫೋನಿನಲ್ಲಿ ಅದು ಸುಮಾರು 9.8 ತೋರಿಸುತ್ತದೆ. ಅದು ಭೂಮಿಯ ಸೆಳೆತದ ಲೆಕ್ಕ. ಗಾಡಿ ಕುಲುಕಿದಾಗ ಈ ಅಂಕಿ ಏರುತ್ತದೆ, ಇಳಿಯುತ್ತದೆ. ಜೊತೆಗೆ ಜಿಪಿಎಸ್ ಇದ್ದರೆ ಯಾವ ಜಾಗದಲ್ಲಿ ಕುಲುಕಿತು ಅಂತಲೂ ಗೊತ್ತಾಗುತ್ತದೆ. ಇದೇನು ಹೊಸ ವಿದ್ಯೆಯಲ್ಲ. 2008ರಲ್ಲೇ ಅಮೆರಿಕದ ಎಂಐಟಿಯವರು ಬಾಸ್ಟನ್ ಸುತ್ತಮುತ್ತ 7 ಟ್ಯಾಕ್ಸಿಗಳಿಗೆ ಸೆನ್ಸರ್ ಕಟ್ಟಿ ಗುಂಡಿ ಹುಡುಕಿದ್ದರು. ಅದೇ ವರ್ಷ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು ನೆರಿಸೆಲ್ ಎಂಬ ಹೆಸರಿನಲ್ಲಿ, ಫೋನನ್ನೇ ಬಳಸಿ, ನಮ್ಮ ರಸ್ತೆಗಳ ಗುಂಡಿ, ಬ್ರೇಕ್, ಹಾರ್ನ್ ಎಲ್ಲವನ್ನೂ ಅಳೆದು ತೋರಿಸಿದರು.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಫೋನಿಗೆ ನೇರವಾಗಿ ಸಿಗುವುದು ಗಾಡಿಯ ಕುಲುಕಾಟ. ರಸ್ತೆಯ ಸ್ಥಿತಿಯನ್ನು ಅದರಿಂದ ನಾವು ಬಿಡಿಸಿ ತೆಗೆಯಬೇಕು. ಗಾಡಿ ಸರಿ ಇಲ್ಲದಿದ್ದರೆ ಚೆನ್ನಾಗಿರುವ ರಸ್ತೆಯೂ ಕೆಟ್ಟದ್ದಾಗಿ ಕಾಣುತ್ತದೆ. ಇಡೀ ಕೆಲಸದಲ್ಲಿ ಅರ್ಧ ಇದೇ ಇದೆ ಎನ್ನುವುದು ನನ್ನ ಅನುಭವ. ಅದಕ್ಕೇ ಮೊದಲು ಗಾಡಿಯಿಂದ ಶುರು ಮಾಡುತ್ತೇನೆ.

ಗಾಡಿ ಸಿದ್ಧ ಮಾಡುವುದು

ಟೈರಿನ ಗಾಳಿ ಕಂಪನಿ ಬರೆದಷ್ಟೇ ಇರಲಿ. ಬೆಳಗ್ಗೆ, ಟೈರು ತಣ್ಣಗಿರುವಾಗ ನೋಡಿ. ಗಾಳಿ ಜಾಸ್ತಿ ಇದ್ದರೆ ಸಣ್ಣ ಜಲ್ಲಿ ಕಲ್ಲೂ ಗುಂಡಿಯಂತೆ ಕುಟ್ಟುತ್ತದೆ, ಕಮ್ಮಿ ಇದ್ದರೆ ನಿಜವಾದ ಗುಂಡಿಯೂ ಮೆತ್ತಗೆ ಕಾಣುತ್ತದೆ. ಬೈಕ್ ಆದರೆ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ‘ಟಕ್’ ಅಂದರೆ ಕೋನ್ ಸೆಟ್ ಬಿಗಿ ಮಾಡಿಸಿ. ಇಲ್ಲದಿದ್ದರೆ ಪ್ರತಿ ಸಣ್ಣ ಏರಿಳಿತಕ್ಕೂ ಆ ‘ಟಕ್’ ಫೋನಿನಲ್ಲಿ ದಾಖಲಾಗುತ್ತದೆ. ರಿಮ್ ಬೆಂಡ್ ಇದ್ದರೆ ಚಕ್ರದ ಪ್ರತಿ ಸುತ್ತಿಗೂ ಒಂದು ಏಟು ಬೀಳುತ್ತದೆ. ಗ್ರಾಫಿನಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಮುಳ್ಳು ಎದ್ದಿದ್ದರೆ ಅದು ನಿಮ್ಮ ರಿಮ್ಮಿನ ಕಥೆ.

ಟಾಟಾ ಏಸ್‌ನಂಥ ಲೀಫ್ ಸ್ಪ್ರಿಂಗ್ ಗಾಡಿಗಳಲ್ಲಿ ಲೋಡ್ ಬಹಳ ಮುಖ್ಯ. ಬೆಲ್ಲದ ಲೋಡ್ ಹೊತ್ತು ಹೋಗುವಾಗ ಮೆತ್ತಗೆ ಹೋಗುವ ಗಾಡಿ, ಖಾಲಿ ವಾಪಸ್ ಬರುವಾಗ ಎಗರಾಡುತ್ತದೆ. ರಸ್ತೆ ಅದೇ, ಅಂಕಿ ಬೇರೆ. ಲೋಡಿನದು ಬೇರೆ ಫೈಲು, ಖಾಲಿಯದು ಬೇರೆ ಫೈಲು ಮಾಡಿ. ಎರಡನ್ನೂ ಕಲಸಬೇಡಿ.

ಫೋನ್ ಕೂರಿಸುವುದು

ಅಲ್ಲಾಡದಂತೆ ಕೂರಿಸಿ. ಜೇಬಿನಲ್ಲಿ ಇಟ್ಟರೆ ನಡೆಯುವುದಿಲ್ಲ, ಮೈ ಆ ಏಟನ್ನೆಲ್ಲ ನುಂಗಿಬಿಡುತ್ತದೆ. ಕಾರು, ವ್ಯಾನಿನಲ್ಲಿ ಎರಡು ಮುಂದಿನ ಸೀಟುಗಳ ನಡುವಿನ ನೆಲ ಒಳ್ಳೆಯ ಜಾಗ. ಡ್ಯಾಶ್‌ಬೋರ್ಡ್ ಮೇಲಿನ ಉದ್ದ ಕತ್ತಿನ ಹೋಲ್ಡರ್ ಬೇಡ, ಅದು ತಾನೇ ನಡುಗುತ್ತದೆ. ಬೈಕಿನಲ್ಲಿ ಸೀಟಿನ ಕೆಳಗೆ ಅಥವಾ ಟ್ಯಾಂಕಿನ ಮೇಲೆ, ಹಳೆಯ ಟ್ಯೂಬಿನ ಒಂದು ತುಂಡು ಹಾಸಿ ಬಿಗಿಯಾಗಿ ಕಟ್ಟಿ. ದಪ್ಪ ಸ್ಪಂಜು ಹಾಕಿದರೆ ಫೋನ್ ಅದರ ಮೇಲೆ ತೂಗಾಡುತ್ತದೆ. ಟ್ಯೂಬಿನ ತೆಳು ರಬ್ಬರ್ ಸಾಕು.

ಹೊಸ, ದುಬಾರಿ ಫೋನ್ ಬೈಕಿಗೆ ಕಟ್ಟಬೇಡಿ. ಬೈಕ್ ಎಂಜಿನ್ನಿನ ಜೋರು ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಪರದೆ ಒಡೆದು ಮೂಲೆಗೆ ಬಿದ್ದಿರುವ ಫೋನ್ ಈ ಕೆಲಸಕ್ಕೆ ಚೆನ್ನಾಗಿ ಆಗುತ್ತದೆ. ಸಿಮ್ ಕೂಡ ಬೇಕಿಲ್ಲ.

ಆಪ್ ಯಾವುದು? ನಾನು ಬಳಸುವುದು ಫೈಫಾಕ್ಸ್. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪೂರ್ತಿ ಉಚಿತ. ಅದರಲ್ಲಿ ಪ್ಲಸ್ ಗುರುತು ಒತ್ತಿ ನಿಮ್ಮದೇ ಒಂದು ಪ್ರಯೋಗ ಮಾಡಿಕೊಳ್ಳಬಹುದು. ಆಕ್ಸಿಲರೋಮೀಟರ್ ಮತ್ತು ಲೊಕೇಶನ್, ಎರಡಕ್ಕೂ ಟಿಕ್ ಹಾಕಿ. ಜೈರೋಸ್ಕೋಪ್ (ಫೋನ್ ಎತ್ತ ತಿರುಗಿತು ಎಂದು ಅಳೆಯುವ ಸೆನ್ಸರ್) ಇದ್ದರೆ ಅದಕ್ಕೂ ಹಾಕಿ, ಮುಂದೆ ಕೆಲಸಕ್ಕೆ ಬರುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎನ್ನುವಲ್ಲಿ 200 ಕೊಡಿ.

200 ಯಾಕೆ ಅಂದರೆ, ಬೈಕಿನ ಎಂಜಿನ್ 4200 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ 70 ಸುತ್ತು. ಆ ನಡುಕವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ, ಅಂದರೆ 140ಕ್ಕಿಂತ ಜಾಸ್ತಿ ಸಲ ಅಳೆಯಬೇಕು. 100 ಸಲ ಮಾತ್ರ ಅಳೆದರೆ ಎಂಜಿನ್ನಿನ 70 ನಿಮಗೆ 30ರಂತೆ ಕಾಣುತ್ತದೆ. ಆಗ ಅದು ಎಂಜಿನ್ನೋ ರಸ್ತೆಯೋ ತಿಳಿಯುವುದಿಲ್ಲ. ಕಾರಿನಲ್ಲಿ ಇಷ್ಟು ತೊಂದರೆ ಇಲ್ಲ, 100 ನಡೆಯುತ್ತದೆ.

ಓಡಿಸುವುದು

ವೇಗ ಒಂದೇ ಸಮ ಇರಲಿ, ಗಂಟೆಗೆ 30ರಿಂದ 35 ಕಿ.ಮೀ. ಒಳಗೆ. ನಮ್ಮ ದೇಶದ ಎಂಜಿನಿಯರುಗಳು ರಸ್ತೆಯ ಒರಟುತನ ಅಳೆಯಲು ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಬಂಪ್ ಇಂಟಿಗ್ರೇಟರ್ ಎಂಬ ಒಂದು ಚಕ್ರದ ಯಂತ್ರ ಇದೆ. ಅದನ್ನೂ 32 ಕಿ.ಮೀ. ವೇಗದಲ್ಲೇ ಎಳೆಯುತ್ತಾರೆ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 9 ಮೀಟರ್ ಹೋಗುತ್ತದೆ. ಸೆಕೆಂಡಿಗೆ 200 ಸಲ ಅಳೆದರೆ ಪ್ರತಿ ನಾಲ್ಕೂವರೆ ಸೆಂಟಿಮೀಟರಿಗೆ ಒಂದು ಅಂಕಿ ಸಿಕ್ಕಂತಾಯಿತು. ಒಂದು ಅಡಿ ಅಗಲದ ಗುಂಡಿಗೂ ಅಷ್ಟು ಸಾಕು. ಜಿಪಿಎಸ್ ಮಾತ್ರ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಜಾಗ ಹೇಳುತ್ತದೆ. ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗಬಹುದು. ಎರಡೂ ಕಡೆ ಮರ ಕೂಡಿಕೊಂಡಿರುವ ರಸ್ತೆಯಲ್ಲಿ ಇನ್ನೂ ಜಾಸ್ತಿ.

ಗುಂಡಿ ಹುಡುಕಿಕೊಂಡು ಹೋಗಿ ಚಕ್ರ ಇಳಿಸಬೇಡಿ. ಓಡಿಸುವಾಗ ಫೋನ್ ಮುಟ್ಟಬೇಡಿ. ಹೊರಡುವ ಮುಂಚೆ ಆನ್ ಮಾಡಿ, ನಿಲ್ಲಿಸಿದ ಮೇಲೆ ಆಫ್ ಮಾಡಿ. ಬ್ಯಾಟರಿ ಸೇವರ್ ತೆಗೆದಿಡಿ, ಇಲ್ಲದಿದ್ದರೆ ಮಧ್ಯದಲ್ಲಿ ಆಪ್ ನಿಂತುಹೋಗುತ್ತದೆ.

ಮೊದಲ ಓಟ ಕೆಟ್ಟ ರಸ್ತೆಯಲ್ಲಿ ಬೇಡ. ನಿಮಗೆ ಗೊತ್ತಿರುವ ಅತಿ ಚೆನ್ನಾದ ರಸ್ತೆಯ ಒಂದು ಕಿಲೋಮೀಟರ್ ಆರಿಸಿಕೊಳ್ಳಿ. ಹೊಸದಾಗಿ ಡಾಂಬರು ಹಾಕಿದ್ದು, ಹಂಪ್ಸ್ ಇಲ್ಲದ್ದು. ಅಲ್ಲಿ ಬರುವ ಅಂಕಿಯೇ ನಿಮ್ಮ ಗಾಡಿಯ ಸ್ವಂತ ನಡುಕ. ಬೇರೆ ರಸ್ತೆಗಳನ್ನೆಲ್ಲ ಇದರ ಜೊತೆ ಹೋಲಿಸಬೇಕು. ಗಾಡಿ ಬದಲಾದರೆ, ಟೈರ್ ಬದಲಾದರೆ, ಶಾಕ್ ಅಬ್ಸಾರ್ಬರ್ ಹಾಕಿಸಿದರೆ, ಅದೇ ಕಿಲೋಮೀಟರ್ ಮತ್ತೆ ಓಡಿಸಿ.

ಗ್ರಾಫ್ ಓದುವುದು

ಇದು ನನಗೆ ಅತಿ ಇಷ್ಟದ ಭಾಗ. ಗುಂಡಿಗೂ ಹಂಪ್ಸ್‌ಗೂ ಗ್ರಾಫಿನಲ್ಲಿ ವ್ಯತ್ಯಾಸ ಇದೆ.

ಚಕ್ರ ಗುಂಡಿಗೆ ಇಳಿಯುವಾಗ ಒಂದು ಕ್ಷಣ ಕೆಳಗೆ ಆಧಾರ ಇರುವುದಿಲ್ಲ. ಅಂಕಿ 9.8ರಿಂದ ಕೆಳಗೆ ಜಾರುತ್ತದೆ, ಆರಕ್ಕೋ ನಾಲ್ಕಕ್ಕೋ ಹೋಗಬಹುದು. ಮರುಕ್ಷಣ ಗುಂಡಿಯ ಆಚೆ ಅಂಚು ಚಕ್ರಕ್ಕೆ ಬಡಿಯುತ್ತದೆ. ಅಂಕಿ ಸಟ್ಟನೆ ಮೇಲೆ ಹಾರಿ 15, 20 ದಾಟಬಹುದು. ರಿಮ್ ಬೆಂಡ್ ಆಗುವುದು ಈ ಎರಡನೇ ಏಟಿನಲ್ಲಿ. ಹಂಪ್ಸ್ ಇದಕ್ಕೆ ಉಲ್ಟಾ. ಮೊದಲು ಮೇಲೆ, ಆಮೇಲೆ ಕೆಳಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥದ್ದರ ಮೇಲೆ 25 ಕಿ.ಮೀ. ವೇಗದಲ್ಲಿ ಹೋದರೆ ಗ್ರಾಫ್ ದುಂಡಗೆ ಏರಿ ಇಳಿಯುತ್ತದೆ. ಅಳತೆಯಿಲ್ಲದೆ ಹಾಕಿದ ಗಿಡ್ಡ, ಚೂಪು ಹಂಪ್ಸ್ ಆದರೆ ಮುಳ್ಳಿನಂತೆ ಏಳುತ್ತದೆ. ಅದೂ ದೂರು ಕೊಡಬೇಕಾದ ವಿಷಯವೇ.

ಬೈಕಿನಲ್ಲಿ ಒಂದೇ ಗುಂಡಿಗೆ ಎರಡು ಏಟು ಕಾಣುತ್ತದೆ, ಮುಂದಿನ ಚಕ್ರದ್ದು ಒಂದು, ಹಿಂದಿನದ್ದು ಒಂದು. ಎರಡು ಚಕ್ರಗಳ ನಡುವೆ ಸುಮಾರು ಒಂದೂಕಾಲು ಮೀಟರ್ ಇರುವುದರಿಂದ, 32 ಕಿ.ಮೀ. ವೇಗದಲ್ಲಿ 0.14 ಸೆಕೆಂಡ್ ಅಂತರ ಬರುತ್ತದೆ. ಈ ಜೋಡಿ ಸಿಕ್ಕರೆ ಅದು ರಸ್ತೆಯ ಏಟೇ ಎಂದು ಧೈರ್ಯವಾಗಿ ಹೇಳಬಹುದು. ಸೈಡ್ ಸ್ಟ್ಯಾಂಡ್ ಬಡಿದದ್ದು, ಫೋನ್ ಜಾರಿದ್ದು ಹೀಗೆ ಜೋಡಿಯಾಗಿ ಬರುವುದಿಲ್ಲ.

ನಾಲ್ಕು ಚಕ್ರದ ಗಾಡಿಯಲ್ಲಿ ಇನ್ನೊಂದು ಉಪಾಯ ಇದೆ. ಹಂಪ್ಸ್, ಸೇತುವೆಯ ಜಾಯಿಂಟ್, ರೈಲ್ವೆ ಗೇಟು, ಇವೆಲ್ಲ ರಸ್ತೆಗೆ ಅಡ್ಡಲಾಗಿ ಇರುತ್ತವೆ. ಎಡ ಬಲ ಚಕ್ರಗಳು ಒಟ್ಟಿಗೆ ಹತ್ತುತ್ತವೆ. ಗುಂಡಿ ಸಾಮಾನ್ಯವಾಗಿ ಒಂದೇ ಬದಿಗೆ ಸಿಗುತ್ತದೆ, ಗಾಡಿ ವಾಲುತ್ತದೆ. ಹಾಗಾಗಿ ಮೇಲೆ ಕೆಳಗಿನ ಏಟಿನ ಜೊತೆಗೆ ಎಡ ಬಲದ ಏಟೂ ಇದ್ದರೆ ಗುಂಡಿ ಎಂದು ಎಣಿಸಿ. ಬಾಸ್ಟನ್ನಿನ ಟ್ಯಾಕ್ಸಿಗಳಲ್ಲೂ ಇದೇ ಉಪಾಯ ಮಾಡಿದ್ದರು.

ಊರೊಳಗೆ, 25 ಕಿ.ಮೀ.ಗಿಂತ ನಿಧಾನ ಹೋಗುವಾಗ ಚೂಪು ಏಟು ಹುಡುಕಬೇಡಿ. ನಿಧಾನವಾಗಿ ಇಳಿದು ಹತ್ತುವ ಚಕ್ರ ಜೋರಾಗಿ ಬಡಿಯುವುದಿಲ್ಲ. ಅಲ್ಲಿ ಅಂಕಿ ಕೆಳಗೆ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದೆಯಾ ಎಂದು ನೋಡಬೇಕು. ಬೆಂಗಳೂರಿನ ಆ ನೆರಿಸೆಲ್ ಕೆಲಸದಲ್ಲಿ ಸಿಕ್ಕ ಪಾಠ ಇದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಂಥ ಕಡೆ, ಗಾಡಿ ತೆವಳುವ ಹೊತ್ತಿನಲ್ಲಿ, ಇದೇ ದಾರಿ.

ಲೆಕ್ಕ ಮತ್ತು ನಕ್ಷೆ

ಫೈಫಾಕ್ಸ್‌ನಿಂದ ಸಿಎಸ್‌ವಿ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಸೆನ್ಸರಿಗೂ ಒಂದೊಂದು ಫೈಲ್ ಸಿಗುತ್ತದೆ. ಎಲ್ಲದರಲ್ಲೂ ಸಮಯದ ಕಾಲಂ ಇದೆ, ಅದೇ ಕೊಂಡಿ. ಎಕ್ಸೆಲ್‌ನಲ್ಲಿ ಒಂದು ಹಾಳೆಗೆ 10,48,576 ಸಾಲು ಮಾತ್ರ ಹಿಡಿಯುತ್ತದೆ. ಸೆಕೆಂಡಿಗೆ 200 ಅಂದರೆ ಗಂಟೆಗೆ 7,20,000 ಸಾಲು. ಅದಕ್ಕೇ ಒಂದೊಂದು ಓಟವನ್ನು ಅರ್ಧ ಗಂಟೆಗೆ ಮುಗಿಸಿ.

ಎಕ್ಸ್, ವೈ, ಝಡ್ ಮೂರನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. ಹೀಗೆ ಮಾಡಿದರೆ ಫೋನ್ ಓರೆಯಾಗಿ ಕೂತಿದ್ದರೂ ತೊಂದರೆ ಇಲ್ಲ. ಎಡ ಬಲ ನೋಡಬೇಕು ಅಂದರೆ ಮಾತ್ರ ಫೋನ್ ನೇರವಾಗಿ ಇಟ್ಟು ಒಂದೊಂದನ್ನು ಬೇರೆಯಾಗಿ ಓದಬೇಕು. ಆಮೇಲೆ ಸಮಯವನ್ನು ಪೂರ್ಣ ಸೆಕೆಂಡಿಗೆ ಇಳಿಸಿ, ಪಿವೋಟ್ ಟೇಬಲ್‌ನಲ್ಲಿ ಪ್ರತಿ ಸೆಕೆಂಡಿಗೆ ಗರಿಷ್ಠ, ಕನಿಷ್ಠ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಆಚೀಚೆ ಹೋಗಿವೆ ಎಂಬ ಲೆಕ್ಕ) ತೆಗೆಯಿರಿ. ಲೊಕೇಶನ್ ಫೈಲಿನ ಅಕ್ಷಾಂಶ, ರೇಖಾಂಶ, ವೇಗವನ್ನು ಅದೇ ಸೆಕೆಂಡಿನ ಪಕ್ಕಕ್ಕೆ ವಿ-ಲುಕಪ್‌ನಿಂದ ತಂದುಕೊಳ್ಳಿ. ವೇಗ ಮೀಟರ್‌ ಲೆಕ್ಕದಲ್ಲಿರುತ್ತದೆ (ಸೆಕೆಂಡಿಗೆ ಇಷ್ಟು ಮೀಟರ್), 3.6ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿ.ಮೀ. ಆಯಿತು.

ನಿಮ್ಮ ಒಳ್ಳೆಯ ಕಿಲೋಮೀಟರಿನ ಡೀವಿಯೇಶನ್ ಎಷ್ಟಿತ್ತೋ, ಅದರ ಮೂರು ಪಟ್ಟು ದಾಟಿದ ಸೆಕೆಂಡುಗಳಿಗೆ ಗುರುತು ಹಾಕಿ. ಇದು ನಾನು ಇಟ್ಟುಕೊಂಡ ಗಡಿ. ಗುರುತು ತೀರಾ ಜಾಸ್ತಿ ಬಂದರೆ ನಾಲ್ಕು ಪಟ್ಟು ಮಾಡಿಕೊಳ್ಳಿ. ಗುರುತು ಬಿದ್ದ ಸಾಲುಗಳನ್ನು ಮಾತ್ರ ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿ. ಅಲ್ಲಿ ಒಂದು ಸಲಕ್ಕೆ 2,000 ಸಾಲು ಮಾತ್ರ ಹಿಡಿಯುವುದು.

ಈಗ ಬೇರೆ ಬೇರೆ ಓಟಗಳನ್ನು ಕೂಡಿಸಬೇಕು. ಅಕ್ಷಾಂಶ, ರೇಖಾಂಶವನ್ನು ದಶಮಾಂಶದ ನಂತರ ನಾಲ್ಕು ಅಂಕಿಗೆ ಇಳಿಸಿದರೆ, ನಮ್ಮ ಊರಿನಲ್ಲಿ ಸುಮಾರು 11 ಮೀಟರಿನ ಚೌಕಗಳಾಗುತ್ತವೆ. ಒಂದು ಚೌಕದಲ್ಲಿ ಎಷ್ಟು ಬೇರೆ ಬೇರೆ ಗಾಡಿ ಕುಲುಕಿವೆ ಎಂದು ಎಣಿಸಿ. ಒಂದೇ ಗಾಡಿ, ಒಂದೇ ಸಲ ಕುಲುಕಿದ್ದರೆ ಬಿಟ್ಟುಬಿಡಿ. ಹಾಲಿನ ಗೂಡ್ಸ್ ಆಟೋ, ಸ್ಕೂಲ್ ವ್ಯಾನ್, ಒಂದು ಬೈಕ್, ಈ ಮೂರೂ ಬೇರೆ ಬೇರೆ ದಿನ ಅದೇ ಚೌಕದಲ್ಲಿ ಕುಲುಕಿದ್ದರೆ ಅಲ್ಲಿ ರಸ್ತೆ ಕೆಟ್ಟಿದೆ. ಗುಂಡಿ ಚೌಕದ ಗಡಿಯಲ್ಲಿದ್ದರೆ ಪಕ್ಕದ ಚೌಕಕ್ಕೂ ಹಂಚಿಹೋಗಿರುತ್ತದೆ, ಅದನ್ನೂ ನೋಡಿ.

ಹೆದ್ದಾರಿ 275ರ ಪಕ್ಕ ಒಂದು ವಿಷಯ ನೆನಪಿಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ನಕ್ಷೆಯಲ್ಲಿ ಬೈಕಿನ ಗುರುತು ಮುಖ್ಯ ಪಥದ ಮೇಲೆ ಬಿದ್ದಿದ್ದರೆ ಅದು ಜಿಪಿಎಸ್ ಆಚೀಚೆ ಆಗಿದ್ದು. ಗುಂಡಿ ಇರುವುದು ಸರ್ವಿಸ್ ರಸ್ತೆಯಲ್ಲಿ. ಫೈಲಿನ ಹೆಸರಿನಲ್ಲೇ ಗಾಡಿ ಯಾವುದೆಂದು ಬರೆದಿಟ್ಟರೆ ಈ ಗೊಂದಲ ಇರುವುದಿಲ್ಲ.

ಸೆನ್ಸರಿಗೆ ಕಾಣದ್ದು

ಇಲ್ಲಿ ಸ್ವಲ್ಪ ನಿಲ್ಲಬೇಕು. ದಿನಾ ಓಡಾಡುವವನಿಗೆ ಪ್ರತಿ ಗುಂಡಿಯೂ ಬಾಯಿಪಾಠ. ಕತ್ತಲಲ್ಲೂ ತಪ್ಪಿಸಿಕೊಂಡು ಹೋಗುತ್ತಾನೆ. ಆಗ ಫೋನಿಗೆ ಏನೂ ಸಿಗುವುದಿಲ್ಲ, ನಕ್ಷೆಯಲ್ಲಿ ರಸ್ತೆ ಚೆನ್ನಾಗಿಯೇ ಕಾಣುತ್ತದೆ. ಗುಂಡಿ ದೊಡ್ಡದಾದಷ್ಟೂ ಅದನ್ನು ತಪ್ಪಿಸುವವರು ಜಾಸ್ತಿ, ಹಾಗಾಗಿ ಅತಿ ಕೆಟ್ಟ ಗುಂಡಿಯೇ ಲೆಕ್ಕದಿಂದ ಬಿಟ್ಟುಹೋಗಬಹುದು. ಇದಕ್ಕೆ ಜೈರೋಸ್ಕೋಪ್ ಬೇಕು ಎಂದದ್ದು. ನೇರ ರಸ್ತೆಯಲ್ಲಿ ಎಲ್ಲ ಗಾಡಿಗಳೂ ಒಂದೇ ಜಾಗದಲ್ಲಿ ಬಲಕ್ಕೆ ಸರಿದು ಮತ್ತೆ ಎಡಕ್ಕೆ ಬಂದಿದ್ದರೆ, ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ. ಜೊತೆಗೆ, ಸುಲಭವಾಗಿ ಸರಿಯಲಾಗದ ಅಗಲದ ಗಾಡಿಯಲ್ಲೂ ಒಂದು ಫೋನ್ ಇಡಿಸಿ. ಸ್ಕೂಲ್ ವ್ಯಾನ್ ಅದಕ್ಕೆ ಸರಿ.

ನಮ್ಮ ಕಡೆ ರಸ್ತೆ ಕೆಡುವುದು ಅಂಚಿನಿಂದ. ಕಬ್ಬಿನ ಸೀಸನ್ನಿನಲ್ಲಿ ಲೋಡ್ ಟ್ರ್ಯಾಕ್ಟರುಗಳು ಎದುರು ಗಾಡಿಗೆ ಜಾಗ ಬಿಡಲು ಅಂಚಿಗೆ ಇಳಿಯುತ್ತವೆ, ಡಾಂಬರಿನ ಅಂಚು ಮುರಿಯುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕದ ಪ್ರಕಾರ, ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಏಟು ಹೆಚ್ಚುಕಡಿಮೆ 16 ಪಟ್ಟು. ಜೊತೆಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಪಕ್ಕದ ಗದ್ದೆಯ ನೀರು ತಳಕ್ಕೆ ಇಳಿದರೆ ಕೆಳಗಿನ ಮಣ್ಣು ಮೆತ್ತಗಾಗುತ್ತದೆ, ಮೇಲಿನ ಡಾಂಬರು ಒಡೆಯುತ್ತದೆ. ಮಧ್ಯದಲ್ಲಿ ಹೋಗುವ ಕಾರಿಗೆ ಈ ಅಂಚಿನ ಕೊರಕಲು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬಸ್ಸಿಗೆ ದಾರಿ ಬಿಟ್ಟು ಅಂಚಿಗೆ ಇಳಿಯುವ ಬೈಕಿನವನಿಗೆ. ಅದಕ್ಕೇ ಕಾರಿನ ಲೆಕ್ಕ ಒಂದನ್ನೇ ನಂಬಿ ಹಳ್ಳಿ ರಸ್ತೆ ಚೆನ್ನಾಗಿದೆ ಎನ್ನಬೇಡಿ.

ಹುರುಳಿ, ರಾಗಿ ಒಕ್ಕಣೆಯ ಕಾಲದಲ್ಲಿ ರಸ್ತೆ ತುಂಬ ಹುಲ್ಲು ಹರಡಿರುತ್ತಾರೆ. ಅದರ ಮೇಲೆ ಹೋದ ಓಟದ ಲೆಕ್ಕ ಬೇಡ. ಹುಲ್ಲಿನ ಅಡಿಯ ಗುಂಡಿ ಮೆತ್ತಗೆ ಕಾಣುತ್ತದೆ, ಬೈಕ್ ಜಾರುವ ಅಪಾಯ ಬೇರೆ.

ಇನ್ನೊಂದು ಕೊರತೆ ಬಾಸ್ಟನ್ನಿನಲ್ಲೇ ಕಂಡಿದ್ದು. 2012ರಲ್ಲಿ ಅಲ್ಲಿ ಸ್ಟ್ರೀಟ್ ಬಂಪ್ ಎಂಬ ಆಪ್ ತಂದಾಗ, ಸ್ಮಾರ್ಟ್‌ಫೋನ್ ಜಾಸ್ತಿ ಇರುವ ಬಡಾವಣೆಗಳಿಂದಲೇ ಜಾಸ್ತಿ ಗುಂಡಿ ವರದಿಯಾಗುವ ಅಪಾಯ ಎದುರಾಯಿತು. ನಮ್ಮಲ್ಲೂ ಹಾಗೇ. ಆಪ್ ಹಾಕಿಕೊಳ್ಳಿ ಎಂದು ಬರೀ ಹುಡುಗರಿಗೆ ಹೇಳಿದರೆ ಕಾಲೇಜು ರಸ್ತೆಯ ಲೆಕ್ಕ ಸಿಗುತ್ತದೆ, ಆಲೆಮನೆ ರಸ್ತೆಯದು ಸಿಗುವುದಿಲ್ಲ. ಹಾಲು ಸಂಗ್ರಹಿಸುವ ಆಟೋದವರನ್ನು ಕೇಳಿಕೊಳ್ಳಿ. ಅವರು ದಿನಕ್ಕೆರಡು ಸಲ ಊರೂರು ಸುತ್ತುತ್ತಾರೆ. ಆದರೆ ಯಾರ ಗಾಡಿಯಲ್ಲಿ ಫೋನ್ ಇಟ್ಟರೂ ಅವರಿಗೆ ಹೇಳಿ, ಒಪ್ಪಿಸಿ ಇಡಿ. ನಕ್ಷೆ ಹಂಚುವ ಮುಂಚೆ ಅವರ ಮನೆ ಹತ್ತಿರದ ಗೆರೆಯನ್ನು ಕತ್ತರಿಸಿಬಿಡಿ.

ದೂರು ಕೊಡುವುದು

ನಕ್ಷೆ ಮಾತ್ರ ಹಿಡಿದು ಹೋಗಬೇಡಿ. ಗುರುತು ಬಿದ್ದ ಜಾಗಕ್ಕೆ ಹೋಗಿ, ಗಾಡಿ ಪಕ್ಕಕ್ಕೆ ನಿಲ್ಲಿಸಿ, ಗುಂಡಿಯ ಮೇಲೆ ಒಂದು ನೇರವಾದ ಕಡ್ಡಿ ಅಡ್ಡ ಇಟ್ಟು ಟೇಪಿನಿಂದ ಆಳ ಅಳೆಯಿರಿ. ಉದ್ದ, ಅಗಲ ಬರೆದುಕೊಳ್ಳಿ. ಟೇಪ್ ಕಾಣುವಂತೆ ಒಂದು ಫೋಟೋ, ಕಿಲೋಮೀಟರ್ ಕಲ್ಲು ಕಾಣುವಂತೆ ಇನ್ನೊಂದು. ಆ ಕಲ್ಲೇ ರಸ್ತೆ ಯಾರದ್ದೆಂದು ಹೇಳುತ್ತದೆ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, 1033ಕ್ಕೆ ಕರೆ ಮಾಡಿ. ಹಸಿರಾದರೆ ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆ. ಕಿತ್ತಳೆ ಆದರೆ ಹಳ್ಳಿ ರಸ್ತೆ. ಅದು ಗ್ರಾಮ ಸಡಕ್ ಯೋಜನೆಯದಾಗಿದ್ದರೆ ಪಕ್ಕದ ಬೋರ್ಡ್ ಓದಿ. ಕೆಲಸ ಮುಗಿದ ಮೇಲೆ 5 ವರ್ಷ ಆ ರಸ್ತೆ ನೋಡಿಕೊಳ್ಳುವ ಜವಾಬ್ದಾರಿ ಗುತ್ತಿಗೆದಾರನದ್ದೇ. ಬೋರ್ಡಿನಲ್ಲಿರುವ ತಾರೀಖಿನ ಫೋಟೋ ಬಹಳ ಕೆಲಸಕ್ಕೆ ಬರುತ್ತದೆ. ಊರೊಳಗಿನ ಬೀದಿ ಪಾಲಿಕೆಯದೋ ನಗರಸಭೆಯದೋ ಆಗಿರುತ್ತದೆ. ಯಾರದ್ದೆಂದು ತಿಳಿಯದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ.

ದೂರಿನಲ್ಲಿ ಐಆರ್‌ಐ ಇಷ್ಟು ಎಂದು ಬರೆಯಬೇಡಿ. ಅದು ಎಂಜಿನಿಯರುಗಳು ಒರಟುತನಕ್ಕೆ ಬಳಸುವ ಅಂತರರಾಷ್ಟ್ರೀಯ ಅಳತೆ. ವಿಶ್ವ ಬ್ಯಾಂಕ್ 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆಸಿದ ಪರೀಕ್ಷೆಯಿಂದ ಬಂದದ್ದು. ರಸ್ತೆಯ ಏರಿಳಿತವನ್ನೇ ಅಳೆದು, 80 ಕಿ.ಮೀ. ವೇಗದ ಒಂದು ಕಾಲ್ಪನಿಕ ಗಾಡಿಯ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮ ಫೋನಿನ ಅಂಕಿ ಅದಲ್ಲ. ‘ಇಂಥ ಕಲ್ಲಿನಿಂದ ಇಂಥ ಕಲ್ಲಿನವರೆಗೆ ಇಷ್ಟು ಜಾಗದಲ್ಲಿ ಮೂರು ಬಗೆಯ ಗಾಡಿಗಳು ಕುಲುಕಿವೆ, ಗುಂಡಿಗಳ ಆಳ ಇಷ್ಟು’ ಎಂದು ಬರೆಯಿರಿ. ಅದನ್ನು ಯಾರೂ ಅಲ್ಲಗಳೆಯಲು ಬರುವುದಿಲ್ಲ.

ಗುಂಡಿ ಮುಚ್ಚಿದ ಮೇಲೆ ಅದೇ ಗಾಡಿಯಲ್ಲಿ, ಟೈರಿಗೆ ಅಷ್ಟೇ ಗಾಳಿ ಇಟ್ಟು, ಅದೇ ವೇಗದಲ್ಲಿ ಮತ್ತೆ ಓಡಿಸಿ. ತೇಪೆ ಉಬ್ಬಿಕೊಂಡಿದ್ದರೆ ಗ್ರಾಫ್ ಉಲ್ಟಾ ಆಗಿರುತ್ತದೆ, ಮೊದಲು ಏರಿ ಆಮೇಲೆ ಇಳಿಯುತ್ತದೆ. ಸರಿಯಾಗಿ ಮುಚ್ಚಿದ್ದರೆ ಆ ಚೌಕ ನಿಮ್ಮ ಒಳ್ಳೆಯ ಕಿಲೋಮೀಟರಿನ ಹತ್ತಿರಕ್ಕೆ ಬರುತ್ತದೆ. ಎರಡೂ ಗ್ರಾಫ್ ಒಂದೇ ಹಾಳೆಯಲ್ಲಿ ಹಾಕಿ, ದೂರು ಕೊಟ್ಟ ಕಚೇರಿಗೇ ಕಳಿಸಿಕೊಡಿ. ಒಳ್ಳೆಯ ಕೆಲಸ ಮಾಡಿದವರಿಗೂ ಅದು ಗೊತ್ತಾಗಬೇಕು. ಮುಂಗಾರು ಹಿಡಿದ ಮೇಲೆ ಇನ್ನೊಂದು ಸಲ ಓಡಿಸಿ. ನೀರು ಒಸರುವ ಜಾಗದಲ್ಲಿ ಬರೀ ಮೇಲೆ ಜಲ್ಲಿ, ಡಾಂಬರು ಸುರಿದಿದ್ದರೆ ಅದೇ ಚೌಕದಲ್ಲಿ ಮತ್ತೆ ಗುರುತು ಬೀಳುತ್ತದೆ. ಆಗ ತೇಪೆ ಕೇಳಬೇಡಿ, ಪಕ್ಕದಲ್ಲಿ ಚರಂಡಿ ಕೇಳಿ.